ಹುಳದ ಮನೆಯ ಹೊಸಿಲು

ಯಳಂದೂರಿನ ಚಿಕ್ಕನಿಂಗಮ್ಮನ ರೇಷ್ಮೆ ಹುಳದ ಮನೆಗೆ ಒಂದೇ ಕಟ್ಟಳೆ: ಮುಟ್ಟಾದ ಹೆಂಗಸು ಹೊಸಿಲು ದಾಟಕೂಡದು, ಅವಳನ್ನು ಮುಟ್ಟಿದವರೂ ಸ್ನಾನ ಮಾಡದೆ ಒಳಗೆ ಕಾಲಿಡಕೂಡದು. ಸೊಸೆ ಗೋವಿಂದಮ್ಮ ಹೊರಗಾದಾಗ ಸೊಪ್ಪು ಹಾಕುವ, ಹುಳದ ತಟ್ಟೆ ಬಳಿಯುವ ಕೆಲಸವೆಲ್ಲ ಅತ್ತೆಯೊಬ್ಬಳ ತಲೆಗೇ ಬೀಳುತ್ತಿತ್ತು. ಆಗೆಲ್ಲ ಮುದುಕಿ ಗೊಣಗಿದ್ದೇ ಗೊಣಗಿದ್ದು.

ಎಪ್ಪತ್ತಾರನೇ ಇಸವಿಯಲ್ಲಿ ಗೋವಿಂದಮ್ಮನ ಕುತ್ತಿಗೆಯಲ್ಲಿ ಗಡ್ಡೆಗಳೆದ್ದವು. ಮೈಸೂರಿನ ಡಾಕ್ಟರು ಕ್ಯಾನ್ಸರ್ ಎಂದರು, ವಾಸಿಯಾಗುವ ಜಾತಿಯದು ಎಂದು ಧೈರ್ಯ ಹೇಳಿ ಇಂಜೆಕ್ಷನ್ ಶುರುಮಾಡಿದರು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಗುವಿರಲಿಲ್ಲ. ಕೂದಲು ಉದುರಿತು, ತಿಂದದ್ದೆಲ್ಲ ವಾಂತಿಯಾಯಿತು. ಆದರೆ ತಿಂಗಳು ಕಳೆದರೂ ಅವಳು ಹೊರಗಾಗಲಿಲ್ಲ. ಬಸಿರೇ ಇರಬೇಕೆಂದು ಚಿಕ್ಕನಿಂಗಮ್ಮ ಒಳಗೊಳಗೇ ಹಿಗ್ಗಿದಳು.

ಸೊಸೆಯ ಟ್ರಂಕಿನಲ್ಲಿ ಸೀರೆ ಮಡಿಸಿಡುವಾಗ ಕೆಂಪು ತ್ರಿಕೋನದ ಗುಳಿಗೆ ಪೊಟ್ಟಣ ಕೈಗೆ ಸಿಕ್ಕಿತು. ಫ್ಯಾಮಿಲಿ ಪ್ಲಾನಿಂಗಿನವರ ಜೀಪು ಊರೂರು ಸುತ್ತುತ್ತಿದ್ದ ಕಾಲ, ಆ ಗುರುತು ಯಾರಿಗೆ ಗೊತ್ತಿಲ್ಲ! ಮುದುಕಿ ಮಗನ ಮೇಲೆ ಎಗರಿದಳು.

"ಏನ್ಲಾ ಬಿಳಿಗಿರಿ, ನನ್ ವಂಶ ಮುಗ್ಸಕ್ಕೆ ಗಂಡ ಎಂಡ್ತಿ ಸೇರ್ಕಂಡು ಗುಳಿಗೆ ತಂದಿದ್ದೀರಾ?"

"ಅಯ್ಯೋ ಅವ್ವಾ, ವಂಶ ಉಳೀಲಿ ಅಂತ್ಲೇ ಡಾಕ್ಟ್ರು ಕೊಟ್ಟವ್ರೆ. ನಿಂಗೇಳಕ್ಕೆ ನಾಚ್ಕೆ ಆಯ್ತು ಕಣವ್ವ."

ಅವಳು ನಂಬಲಿಲ್ಲ. ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಮರುದಿನವೇ ಮೈಸೂರಿನ ಬಸ್ಸು ಹತ್ತಿದಳು.

ಡಾಕ್ಟರು ಬೇಸರಪಡದೆ ಹೇಳಿದರು: "ಅಮ್ಮಾ, ಈ ಇಂಜೆಕ್ಷನ್ ಬೆಳೆಯೋದನ್ನೆಲ್ಲ ಹೊಡೆಯುತ್ತೆ. ಗಡ್ಡೆ, ಕೂದಲು, ಅಂಡಾಶಯ, ಯಾವುದನ್ನೂ ಬಿಡಲ್ಲ. ಬಿಡದೆ ನುಂಗಿದರೆ ಈ ಗುಳಿಗೆ ಅಂಡಾಶಯವನ್ನ ಮಲಗಿಸುತ್ತೆ, ಮುಟ್ಟೂ ನಿಲ್ಲುತ್ತೆ. ಮಲಗಿದ್ದು ಉಳಿದೀತು ಅಂತ ನಮ್ಮ ಆಸೆ. ಖಾತ್ರಿ ಇಲ್ಲ."

ಪೊರೆ ಬಿಡಲು ಜ್ವರಕ್ಕೆ ಕೂತ ಹುಳವನ್ನು ಅಲ್ಲಾಡಿಸಬಾರದು, ಅದಕ್ಕೆ ಸೊಪ್ಪೂ ಹಾಕಬಾರದು. ಅಷ್ಟು ಚಿಕ್ಕನಿಂಗಮ್ಮನಿಗೂ ಗೊತ್ತಿತ್ತು. "ಆಮೇಕೆ ಎದ್ದೇಳ್ತದಾ ಸಾ?"

"ಗುಳಿಗೆ ಬಿಟ್ಟಾಗ ಒಂದ್ಸಲ ಮುಟ್ಟಾಗ್ತಾಳೆ, ಅದನ್ನ ನಂಬಬೇಡಿ. ಆಮೇಲೆ ತಾನಾಗೇ ಆದರೆ ಎದ್ದಿದೆ ಅಂತ ಅರ್ಥ."

ಅಂದಿನಿಂದ ದೀಪ ಹಚ್ಚಿದ ಮೇಲೆ ಅತ್ತೆಯೇ ಸೊಸೆಯ ಕೈಗೆ ಗುಳಿಗೆ ಹಾಕತೊಡಗಿದಳು. ಪಕ್ಕದ ಮನೆಯ ರಾಮಮ್ಮ ಅದನ್ನು ಕಂಡು, ಸೊಸೆಗೆ ಮಕ್ಕಳಾಗದಂತೆ ಅತ್ತೆಯೇ ಗುಳಿಗೆ ಕೊಡುತ್ತಾಳೆಂದು ಬೀದಿಗೆಲ್ಲ ಸಾರಿದಳು. ಚಿಕ್ಕನಿಂಗಮ್ಮ ಮಾತ್ರ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ.

ಇಂಜೆಕ್ಷನ್ ಮುಗಿದವು, ಗುಳಿಗೆಯೂ ನಿಂತಿತು. ಗಡ್ಡೆ ಕರಗಿ ತಲೆಯಲ್ಲಿ ಕೂದಲು ಚಿಗುರಿತು. ಡಾಕ್ಟರು ಹೇಳಿದಂತೆ ಗೋವಿಂದಮ್ಮ ಒಮ್ಮೆ ಮುಟ್ಟಾದಳು, ಆಮೇಲೆ ಇಲ್ಲ. ಒಂದು ಬೆಳೆಯ ರೇಷ್ಮೆಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಯಿತು, ಇನ್ನೊಂದು ಬೆಳೆಯದೂ ಹೋಯಿತು. ಸೊಸೆ ದಿನವೂ ಬಂದು ಸೊಪ್ಪು ಹಾಕುತ್ತಿದ್ದಳು. ಅವಳು ಹೊಸಿಲು ದಾಟಿದಾಗಲೆಲ್ಲ ಅತ್ತೆ, ಇವತ್ತೂ ಮುಟ್ಟಾಗಲಿಲ್ಲವೆಂದು ದಿನ ಎಣಿಸುತ್ತಿದ್ದಳು.

ಮೂರನೆಯ ಬೆಳೆ ನಡೆದಿತ್ತು. ಒಂದು ಬೆಳಿಗ್ಗೆ ಗೋವಿಂದಮ್ಮ ಸೊಪ್ಪಿನ ಮಂಕರಿಯನ್ನು ಹೊಸಿಲಿನ ಆಚೆಯೇ ಇಳಿಸಿ ನಿಂತಳು.

"ಅತ್ತೆಮ್ಮಾ, ನಾನ್ ಒಳೀಕೆ ಬರಂಗಿಲ್ಲ."

ಚಿಕ್ಕನಿಂಗಮ್ಮ ಕೈಯಲ್ಲಿದ್ದ ತಟ್ಟೆ ಬಿಟ್ಟು ಓಡಿಬಂದು ಸೊಸೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಕಟ್ಟಳೆ ನೆನಪಾಯಿತು. ಒಳಗೆ ಹುಳು ಹಸಿದಿದ್ದವು.

"ಲೇ ಬಿಳಿಗಿರಿ, ಬಿರ್ರನೆ ಬಾರ್ಲಾ, ಉಳಕ್ಕೆ ಸೊಪ್ಪಾಕು! ಈಗ ನಾವಿಬ್ರೂ ಒರಗೆ ಕಣ್ಲಾ!"