ಲಮಾರ್‌ನ ಕೊನೆಯ ಆಟ

ಬೆಳಿಗ್ಗೆಯಿಂದ ಲಮಾರ್ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಕಿಟಕಿಗೆ ಕಂಬಳಿ ಇಳಿಬಿಟ್ಟು ಕತ್ತಲಲ್ಲಿ ಕೂತಿದ್ದ. ಬೆಳಕು ಬಿದ್ದರೆ ತಲೆ ಸಿಡಿಯುತ್ತಿತ್ತು. ಪಕ್ಕದ ಮನೆಯವನು ನಾನು, ಉಮಾಕಾಂತ, ಈ ಪರದೇಶದ ಊರು ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ತಿಳಿಸಾರು ಒಯ್ದಿದ್ದೆ. ಚಮಚ ಹಿಡಿಯಲು ಅವನ ಸೊಟ್ಟ ಬೆರಳುಗಳು ಬಗ್ಗಲಿಲ್ಲ.

ಇದೇ ಬೆರಳುಗಳ ಆಟ ನೋಡಲು ಅಮೆರಿಕದಲ್ಲಿ ಜನ ಮುಗಿಬೀಳುತ್ತಿದ್ದರಂತೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಅವನು ವೈಡ್ ರಿಸೀವರ್. ಅಂದರೆ ದೂರ ಓಡಿ, ಎಸೆದ ಚೆಂಡನ್ನು ಹಿಡಿಯುವವನು. ಅವನ ಕಣ್ಣು ಚೆಂಡಿನ ಮೇಲಿರುವಾಗಲೇ ಎದುರಿನವರು ಬಂದು ಗುಮ್ಮುತ್ತಾರೆ. ಮೊಣಕಾಲು ಹೋದ ಮೇಲೆ ಅಲ್ಲಿನ ದೊಡ್ಡ ತಂಡ ಅವನನ್ನು ಕರಿಬೇವಿನ ಎಲೆಯಂತೆ ತೆಗೆದು ಪಕ್ಕಕ್ಕಿಟ್ಟಿತು. 2004ರಲ್ಲಿ ಇಲ್ಲಿನ ಸಣ್ಣ ಕ್ಲಬ್ಬು ಕರೆಸಿಕೊಂಡಿತು. ಫ್ಲ್ಯಾಟು ಕ್ಲಬ್ಬಿನದು. ಈ ದೇಶದಲ್ಲಿ ಇರಲು ಬೇಕಾದ ಪರ್ಮಿಟ್ಟೂ ಅವರ ಕೈಯಲ್ಲೇ.

ಹೋದ ವಾರದ ಆಟದಲ್ಲಿ ಅವನ ತಲೆಗೆ ಪೆಟ್ಟು ಬಿದ್ದಿತ್ತು. ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಹೇಳಿದ್ದರು. ಅದನ್ನು ಕೇಳಿ ಕ್ಲಬ್ಬಿನ ಅಧ್ಯಕ್ಷ ಬೆಂಗ್ಟ್ ನಕ್ಕುಬಿಟ್ಟನಂತೆ. ಆಡದಿದ್ದರೆ ಫ್ಲ್ಯಾಟು ಖಾಲಿ ಮಾಡು ಅಂದನಂತೆ.

"ಇವತ್ತಿನ ಆಟಕ್ಕೆ ಹೋಗ್ಬೇಡ ಕಣೋ," ಅಂದೆ.

"ಇಲ್ಲಿಂದ ಓಡಿಸಿದ್ರೆ ಎಲ್ಲಿಗೆ ಹೋಗ್ಲಿ ಉಮಾ? ಅಮೆರಿಕದಲ್ಲಿ ನಂಗೆ ಮನೆ ಇಲ್ಲ. ದುಡ್ಡಿಲ್ದೆ ಆಸ್ಪತ್ರೆ ಒಳಗೂ ಸೇರಿಸಲ್ಲ."

ನನ್ನ ಪರ್ಮಿಟ್ಟೂ ಕಂಪನಿಯ ಮುಷ್ಟಿಯಲ್ಲೇ ಇದೆ. ನನ್ನ ಕಾರಿನಲ್ಲೇ ಮೈದಾನಕ್ಕೆ ಕರೆದುಕೊಂಡು ಹೋದೆ.

ಆಟ ಮುಗಿಯುತ್ತ ಬಂದಿತ್ತು. ಲಮಾರ್ ಚೆಂಡಿಗೆ ಹಾರಿದ. ಎದುರಾಳಿಯ ಹೆಲ್ಮೆಟ್ಟು ನೇರ ಅವನ ತಲೆಗೆ ಬಡಿಯಿತು. ಬಿದ್ದವನು ಅಲುಗಲಿಲ್ಲ.

ಆ ಆಟದಲ್ಲೊಂದು ಪದ್ಧತಿ. ಯಾರಿಗಾದರೂ ಪೆಟ್ಟಾದರೆ ಎರಡೂ ತಂಡದವರು ಮೊಣಕಾಲೂರಿ ಕೂರುತ್ತಾರೆ. ಅವನೆದ್ದರೆ ಚಪ್ಪಾಳೆ ತಟ್ಟಿ ಏಳುತ್ತಾರೆ.

ಲಮಾರ್ ಎದ್ದ. ಜೋಲಿ ಹೊಡೆಯುತ್ತಿದ್ದ. ಚಪ್ಪಾಳೆ ಬಿತ್ತು. ಅವನೇ ಆಡಲಿ, ಇನ್ನೊಂದೇ ಚೆಂಡು ಎಂದು ಬೆಂಗ್ಟ್ ಅಂಚಿನಿಂದ ಕೂಗಿದ.

ಲಮಾರ್‌ಗೆ ಚೆಂಡು ಎಸೆಯುವ ಯೂಹಾನ್ ಏಳಲಿಲ್ಲ. ಅವನು ನಮ್ಮ ಕಾರ್ಖಾನೆಯಲ್ಲೇ ವೆಲ್ಡರ್.

"ಅವನನ್ನ ಆಸ್ಪತ್ರೆಗೆ ಕಳಿಸೋ ತನಕ ನಾನು ಏಳಲ್ಲ," ಅಂದ.

ಪಕ್ಕದವನೂ ಏಳಲಿಲ್ಲ. ಆಮೇಲೆ ತಂಡಕ್ಕೆ ತಂಡವೇ ಕೂತುಬಿಟ್ಟಿತು. ಎದ್ದು ನಿಂತಿದ್ದ ಎದುರಾಳಿಗಳೂ ಒಬ್ಬೊಬ್ಬರಾಗಿ ಮತ್ತೆ ಮೊಣಕಾಲೂರಿದರು. ಎಲ್ಲರನ್ನೂ ಕಿತ್ತುಹಾಕುತ್ತೇನೆ ಎಂದು ಬೆಂಗ್ಟ್ ಅರಚಿದ. ಕಿತ್ತುಹಾಕಲಿ. ನನಗೆ ಮೈ ಉರಿಯುತ್ತಿತ್ತು. ಹಗ್ಗ ದಾಟಿ ಒಳಗೆ ನುಗ್ಗಿ, ಒದ್ದೆ ಹುಲ್ಲಿನಲ್ಲಿ ನಾನೂ ಮೊಣಕಾಲೂರಿದೆ.

ಲಮಾರ್ ಸುತ್ತಲೂ ನೋಡಿದ. ಎಲ್ಲರೂ ಕೂತಿದ್ದರೆ ತಾನೂ ಕೂರುವುದು ಅಷ್ಟು ವರ್ಷಗಳ ಅಭ್ಯಾಸ. ಮೆಲ್ಲಗೆ ಬಂದು ತಾನೂ ನನ್ನ ಪಕ್ಕ ಮೊಣಕಾಲೂರಿದ.

"ಪೆಟ್ಟಾಗಿರೋದು ಯಾರಿಗೆ, ಉಮಾ?" ಎಂದು ಕೇಳಿದ.