ಗಾಡೀಲಿ ಏನೂ ಇಲ್ಲ

"ಗಾಡೀಲಿ ಏನೂ ಇಲ್ಲಕ್ಕ," ಎಂದು ತಮ್ಮ ಮತ್ತೊಂದು ಸಲ ಹೇಳಿದ. ಹೇಳುವಾಗ ಅಕ್ಕನ ಮುಖ ನೋಡಲಿಲ್ಲ. ಬಾನೆಟ್ ಮುಚ್ಚಿದ, ಮತ್ತೆ ತೆರೆದ, ಆಗಲೇ ಒರೆಸಿಟ್ಟ ಸ್ಪ್ಯಾನರನ್ನು ಇನ್ನೊಮ್ಮೆ ಒರೆಸಿದ. ಬೆಳಗಿನಿಂದ ಗ್ಯಾರೇಜಿನಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ. ರಜೆಯ ದಿನ, ಬೇರೆ ಗಿರಾಕಿ ಇರಲಿಲ್ಲ. ಇದ್ದಿದ್ದರೆ ಅವರ ಗಾಡಿಯ ಕೆಳಗಾದರೂ ತೂರಿಕೊಂಡು ತಲೆ ತಪ್ಪಿಸಿಕೊಳ್ಳುತ್ತಿದ್ದ.

ಆ ಬೀದಿಯಲ್ಲಿ ಅವನಿಗೆ ಗೇರ್ ಡಾಕ್ಟರ್ ಎಂದೇ ಹೆಸರು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಂದರೆ ಉಳಿದ ಮೆಕ್ಯಾನಿಕ್ಕುಗಳು ಕೈ ಎತ್ತಿ ಅವನ ಅಂಗಡಿ ತೋರಿಸುತ್ತಿದ್ದರು. ಅವನ ಪದ್ಧತಿ ಒಂದೇ. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಗೇರ್ ಆಯಿಲಿನ ಅಳತೆಕಡ್ಡಿ ಎಳೆಯಬೇಕು, ಬಿಳಿ ಬಟ್ಟೆಗೆ ಒರೆಸಬೇಕು, ಮೂಸಬೇಕು. ಕೆಂಪಗಿದ್ದರೆ ಜೀವ ಇದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಆಯಿಲಿನ ಒತ್ತಡದಿಂದ ಗೇರನ್ನು ಹಿಡಿದಿಡುವ ಒಳಗಿನ ಪ್ಲೇಟುಗಳು ಕೆಟ್ಟವು. "ಹೋಯ್ತು ಸಾರ್," ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತಿದ್ದ, ಎದುರಿಗಿದ್ದವರು ಅತ್ತರೂ ಸರಿ, ಬೈದರೂ ಸರಿ. ಅಂಥ ಗಂಡು ಅಕ್ಕನ ಗಾಡಿಯ ಕಡ್ಡಿಯನ್ನು ಮಾತ್ರ ಮೂರು ವಾರದಿಂದ ಮುಟ್ಟಿರಲಿಲ್ಲ.

ಹೆದರಿಕೆ, ಇನ್ನೇನು! ಅಕ್ಕನ ಎಡಗಾಲು ಚಿಕ್ಕಂದಿನಿಂದಲೂ ಮಡಚುವುದಿಲ್ಲ. ಎಡಗಾಲಲ್ಲಿ ಕ್ಲಚ್ ಒತ್ತುವ ಗಾಡಿ ಅವಳಿಗೆ ಆಗದು, ಆಟೋಮ್ಯಾಟಿಕ್ ಆದರೆ ಬಲಗಾಲೊಂದೇ ಸಾಕು. ಅವಳದು ಪರದೆ ಹೊಲಿಯುವ ಕಸುಬು. ಮನೆಮನೆಗೆ ಹೋಗಿ ಕಿಟಕಿ ಅಳೆಯಬೇಕು, ಹೊಲಿದು ಒಯ್ದು ತೂಗುಹಾಕಬೇಕು. ಈ ಹಳೆಯ ಆಟೋಮ್ಯಾಟಿಕ್ ಕಾರು ಬಂದ ಮೇಲೆ ಅವಳು "ಸ್ವಲ್ಪ ಬಿಟ್ಟು ಬರ್ತೀರಾ" ಎಂದು ಯಾರ ಮುಂದೆಯೂ ಹಲ್ಲು ಗಿಂಜಿರಲಿಲ್ಲ. ಆದರೆ ಆ ಮಾದರಿಯ ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು, ಗೇರ್‌ಬಾಕ್ಸಿನ ಸಾಮಾನು ದುರ್ಬೀನು ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ. ಕಡ್ಡಿ ಕಪ್ಪಾಗಿ ಬಂದರೆ ಅಕ್ಕ ಮತ್ತೆ ಮನೆಯಲ್ಲಿ ಕೂರಬೇಕು. ಅದನ್ನು ಹೇಳುವ ಧೈರ್ಯ ತಮ್ಮನಿಗಿರಲಿಲ್ಲ.

ಹಾಗಾಗಿ ಅವನು ಕಡ್ಡಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ. ಮೊದಲು ಗೇರ್ ಹಾಕಿದರೆ ದಡ್ ಎನ್ನುತ್ತಿತ್ತು. ಗೇರ್‌ಬಾಕ್ಸಿನ ಅಡಿಯ ರಬ್ಬರ್ ಹರಿದಿತ್ತು. ಬದಲಿಸಿದ, ಸದ್ದು ನಿಂತಿತು. ಅದರ ಹಿಂದೆಯೇ ಹೊಸ ಕಾಟ ಶುರುವಾಯಿತು. ಗಾಡಿ ಬಿಸಿಯಾದ ಮೇಲೆ ಏರಿನಲ್ಲಿ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕೇಬಲ್ ಬಿಗಿ ಮಾಡಿದ, ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಊದಿದ. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ತಣ್ಣಗಿದ್ದಾಗಲೇ ಬೀದಿಯಲ್ಲಿ ಒಂದು ಸುತ್ತು ಹೊಡೆದು, ಏನೂ ಇಲ್ಲ ಎಂದು ಕೀ ಕೈಗಿಟ್ಟು ಕಳಿಸುತ್ತಿದ್ದ.

"ನೀನು ಓಡಿಸಿದ್ರೆ ಏನೂ ಇರಲ್ಲ ಕಣೋ," ಅಕ್ಕ ಈ ಸಲ ಕೀ ಇಸಿದುಕೊಳ್ಳುತ್ತ ಹೇಳಿದಳು. "ಇವತ್ತು ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ."

ಜೊತೆಗೆ ಬಂದಿದ್ದ ಭಾವ ಹಿಂದಿನ ಸೀಟಿಗೆ ಹತ್ತಿದರು. ಕನ್ನಡಕದ ಅಂಗಡಿ ಇಟ್ಟವರು, ಮೆತ್ತಗಿನ ಮನುಷ್ಯ, ಹೆಂಡತಿ ಎಲ್ಲಿಗೆ ಹೊರಟರೂ ಗೇಟಿನವರೆಗೆ ಬಂದು ನಿಲ್ಲುವವರು.

ತಮ್ಮ ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಸೀಟ್ ಬೆಲ್ಟ್ ಎಳೆದ, ಬಿಟ್ಟ, ಕಿಟಕಿ ಇಳಿಸಿದ, ಏರಿಸಿದ. "ಸಾಕಕ್ಕ, ತಿರುಗಿಸು," ಎಂದು ಎರಡು ಸಲ ಅಂದ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಊರಿನ ಹೊರಗಿನ ಏರಿಗೆ ಬರುವಷ್ಟರಲ್ಲಿ ಇಂಜಿನ್ ಚೆನ್ನಾಗಿ ಕಾದಿತ್ತು. ಅರ್ಧ ಏರಿನಲ್ಲಿ ಗೇರ್ ಬದಲಾಗಬೇಕು, ಇಂಜಿನ್ ಕಿರುಚಿತು, ಗಾಡಿ ಸೋತ ಎತ್ತಿನ ಹಾಗೆ ನಿಧಾನವಾಯಿತು. ಅಕ್ಕ ರಸ್ತೆಯಿಂದ ಕಣ್ಣು ತೆಗೆದು ತನ್ನ ಬಲಗಾಲನ್ನೇ ಒಂದು ಗಳಿಗೆ ನೋಡಿದಳು. ಅವಳ ತುಟಿ ಅದುರುತ್ತಿತ್ತು.  ತಮ್ಮನಿಗೆ ಇನ್ನು ನುಣುಚಿಕೊಳ್ಳಲು ಜಾಗವಿರಲಿಲ್ಲ.

"ಪಕ್ಕಕ್ಕೆ ನಿಲ್ಸು. ಇಂಜಿನ್ ಆಫ್ ಮಾಡ್ಬೇಡ," ಎಂದು ಇಳಿದ.

ಬಾನೆಟ್ ಎತ್ತಿ, ಉಸಿರು ಬಿಗಿಹಿಡಿದು ಕಡ್ಡಿ ಎಳೆದ. ಕಪ್ಪಗಿರಲಿಲ್ಲ. ಆದರೆ ಇದೇನು? ಉಕ್ಕುವ ಹಾಲಿನ ಹಾಗೆ ನೊರೆ! ಮೇಲಿನ ಗೀರನ್ನೂ ದಾಟಿ ಒಂದು ಗೇಣು ಆಯಿಲು. ಒರೆಸಿ ಮತ್ತೆ ಅದ್ದಿದ. ಮತ್ತೆ ನೊರೆಯೇ.

"ಯಾರು ಇದಕ್ಕೆ ಇಷ್ಟೊಂದು ಆಯಿಲ್ ಸುರಿದಿದ್ದು?"

ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನಾನೇ ಕಣಪ್ಪಾ. ದಡ್ ಅಂತಿತ್ತಲ್ಲ, ಆಯಿಲ್ ಕಮ್ಮಿಯಾಗಿದೆ ಅಂದ್ಕೊಂಡೆ. ಬೆಳಗ್ಗೆ ಇವಳಿಗೆ ಗಾಡಿ ಸ್ಟಾರ್ಟ್ ಮಾಡಿಡೋನು ನಾನೇ ಅಲ್ವಾ, ಆಗ ಅಳೀತಿದ್ದೆ. ಇಂಜಿನ್ ಓಡ್ತಿರುವಾಗ ಅಳೀಬೇಕು ಅಂತ ನೀನೇ ಹೇಳಿದ್ದೆ."

"ಬಿಸಿಯಾಗಿ ಓಡ್ತಿರುವಾಗ ಅಂದಿದ್ದು ಭಾವ! ಮೇಲಿನ ಗೀರು ಬಿಸಿ ಆಯಿಲಿಗೆ. ತಣ್ಣಗಿದ್ರೆ ಕೆಳಗಿನ ಗೀರು ನೋಡ್ಬೇಕು."

"ಕೆಳಗೆ ಇನ್ನೊಂದು ಗೀರಿದೆಯಾ?" ಎಂದರು ಊರಿಗೆಲ್ಲ ಕನ್ನಡಕ ಕೊಡುವ ಭಾವ. "ಮೇಲಿನದು ಮುಟ್ಟೋವರೆಗೂ ಹಾಕ್ದೆ. ಇವಳು ದಾರೀಲಿ ಸಿಕ್ಕಿಹಾಕ್ಕೊಳ್ಳೋದು ಬೇಡ ಅಂತ ಆಗಾಗ ಒಂದು ಲೋಟ ಹೆಚ್ಚಿಗೆ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲಪ್ಪ."

"ತುಳುಕಲ್ಲ ಭಾವ, ಕಡೆದ ಮಜ್ಜಿಗೆ ಆಗುತ್ತೆ. ಒಳಗೆ ತಿರುಗೋ ಚಕ್ರ ಎಲ್ಲ ಅದರಲ್ಲಿ ಮುಳುಗಿ ನೊರೆ ಎಬ್ಸುತ್ತೆ. ನೊರೇಲಿ ಇರೋದು ಗಾಳಿ. ಗಾಳಿಗೆ ಪ್ಲೇಟು ಹಿಡಿಯೋ ಶಕ್ತಿ ಎಲ್ಲಿಂದ ಬರ್ಬೇಕು?"

ರೇಗಿದನೇನೋ ಹೌದು, ಆದರೆ ಯಾರ ಮೇಲೆ ರೇಗುವುದು? ಮೊದಲ ದಿನವೇ ಕಡ್ಡಿ ಎಳೆದಿದ್ದರೆ ಐದು ನಿಮಿಷದ ಕೆಲಸ. ಅತಿಯಾದರೆ ಅಮೃತವೂ ವಿಷ ಎನ್ನುವುದು ಆಯಿಲಿಗಷ್ಟೇ ಅಲ್ಲ, ಭಾವನ ಕಾಳಜಿಗೂ ಅವನ ಹೆದರಿಕೆಗೂ ಸೇರಿಯೇ ಹೇಳಿದ ಮಾತು.

ನಿಧಾನಕ್ಕೆ ಗ್ಯಾರೇಜಿಗೆ ಮರಳಿದರು. ಕಡ್ಡಿಯ ತೂತಿಗೆ ಸಣ್ಣ ಪೈಪು ಇಳಿಸಿ, ದೊಡ್ಡ ಸಿರಿಂಜಿನಿಂದ ಹೆಚ್ಚಿನ ಆಯಿಲನ್ನು ಹೀರಿ ಹೊರಗೆ ಹಾಕಿದ. ನೊರೆ ಇಳಿಯುವವರೆಗೂ ಮೂವರಿಗೂ ಸಮಾಧಾನವಿಲ್ಲ. ಬಿಳಿ ಬಟ್ಟೆಯ ಮೇಲೆ ಆಯಿಲಿನ ಬಣ್ಣ ನೋಡಿದ: ಕೆಂಪು ಮಾಸಿ ಕಂದಾಗಿತ್ತು. ಮೂಸಿದ. ಸುಟ್ಟ ವಾಸನೆ ಸಣ್ಣಗೆ ಇತ್ತು. ಇಷ್ಟು ದಿನ ಜಾರಿ ಜಾರಿ ಪ್ಲೇಟುಗಳು ಒಂದಷ್ಟು ಸವೆದಿದ್ದವು. ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಈಗ ಯಾಕೆ ಹೇಳುವುದು, ಆಮೇಲೆ ನೋಡೋಣ ಎಂದುಕೊಂಡ.

ಮತ್ತೆ ಅದೇ ಏರು. ಗಾಡಿ ಕಾದಿತ್ತು. ಗೇರ್ ಬದಲಾಯಿತು, ಯಾರಿಗೂ ತಿಳಿಯದಷ್ಟು ಮೆತ್ತಗೆ. ಇಂಜಿನ್ ಕೂಗಲಿಲ್ಲ. ಗಾಡಿ ಸಲೀಸಾಗಿ ಏರಿನ ನೆತ್ತಿ ಮುಟ್ಟಿತು. ಭಾವ ಹಿಂದಿನಿಂದ ಚಪ್ಪಾಳೆ ತಟ್ಟಿದರು, ತಮ್ಮ ದೊಡ್ಡದಾಗಿ ನಕ್ಕ. ಅಕ್ಕ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆಯೂರಿ ಬಿಕ್ಕಿ ಬಿಕ್ಕಿ ಅತ್ತಳು.

"ಸರಿಹೋಯ್ತಲ್ಲಕ್ಕ, ಯಾಕೆ ಅಳ್ತೀಯ?"

"ಗಾಡೀಲಿ ಏನೂ ಇಲ್ಲ ಅಂದೆ ನೀನು. ಸಲ ಸಲಕ್ಕೂ ಅಂದೆ. ಊರಿಗೇ ಗೇರ್ ಡಾಕ್ಟರು ನೀನು, ನಿನ್ನ ಮಾತು ನಂಬದೆ ಇರ್ತೀನಾ? ಗಾಡೀಲಿ ಇಲ್ಲ ಅಂದ್ರೆ ನನ್ನಲ್ಲೇ ಇರ್ಬೇಕು. ಒತ್ತೋದು ಈ ಕಾಲು ತಾನೆ? ಇದೂ ಹೋಗ್ತಿದೆ ಅಂದ್ಕೊಂಡೆ ಕಣೋ. ದಿನಾ ಬಾಗಿಲು ಹಾಕ್ಕೊಂಡು ಗೋಡೆಗೆ ಒತ್ತಿ ಒತ್ತಿ ನೋಡ್ತಿದ್ದೆ, ಇನ್ನೂ ಎಷ್ಟು ಶಕ್ತಿ ಉಳ್ದಿದೆ ಅಂತ."

ಭಾವ "ಅಯ್ಯೋ" ಎಂದರು. ತಮ್ಮನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳಿಗೆ ನೋವಾಗಬಾರದು ಎಂದು ಹೇಳಿದ ಸುಳ್ಳನ್ನು ಅವಳು ಮೂರು ವಾರ ಒಬ್ಬಳೇ, ಇದ್ದ ಒಂದು ಕಾಲಿನ ಮೇಲೆ ಹೊತ್ತಿದ್ದಳು. ಅವನು ಜೇಬಿನಿಂದ ಬಟ್ಟೆ ತೆಗೆದು ಅವಳ ಮುಂದೆ ಬಿಡಿಸಿ ಹಿಡಿದ.

"ಅಕ್ಕ, ನಿನ್ನ ಕಾಲು ಗಟ್ಟಿಯಾಗಿದೆ. ಗಾಡಿಯೇ ಗಟ್ಟಿ ಇಲ್ಲ. ನೋಡು, ಆಯಿಲ್ ಕಂದಿದೆ, ಪ್ಲೇಟು ಸವೆದಿದೆ. ವರ್ಷ ಬರಬಹುದು, ತಿಂಗಳಿಗೇ ಕೈ ಕೊಡಬಹುದು. ಸಾಮಾನು ಸಿಗಲ್ಲ."

ಅಕ್ಕ ಬಟ್ಟೆ ತೆಗೆದುಕೊಂಡಳು, ಮೂಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ದನಿಯಲ್ಲಿ ಅಳು ಹೋಗಿ ಸಿಟ್ಟು ಬಂದಿತ್ತು.

"ಇಷ್ಟೇನಾ? ಗಾಡಿ ಹೋದ್ರೆ ಇನ್ನೊಂದು ಹುಡುಕ್ತೀನಿ ಕಣೋ. ಇದನ್ನ ಹೇಳೋಕೆ ಹೆದರಿ ನನ್ನ ಕಾಲು ಕಿತ್ಕೊಂಡಿದ್ಯಲ್ಲೋ!"