ನಲವತ್ತೊಂದು ಮನೆಯ ಸುಳ್ಳು ಲೆಕ್ಕ

ಲೇ ರವಿಶಂಕರಾ, "ಸರ್ವೇಯೋರು ನಮ್ಮನೇಗೆ ಬಂದೇ ಇಲ್ಲ, ಕರಿಯಪ್ಪ ದೊಡ್ಡಪ್ಪಂಗೆ ಮರೆವು" ಅಂತ ವಾಟ್ಸಾಪ್ ಗ್ರೂಪಲ್ಲಿ ಆಕಿದ್ದೀಯಲ್ಲ, ನಿನ್ ಬಾಯಿಗೆ ಮಣ್ಣಾಕ! ನಿನ್ನೆ ಮದ್ಯಾನ ಏನುಂಡೆ, ಏಳು ನೋಡಾನ. ನಂಗೆ ಮನೆಮನೆದೂ ಗ್ನಾಪಕ ಐತೆ. ಕೇಳ್ಲಾ. ಎಲ್ರೂ ಕೇಳಿ.

ಎರಡು ವರ್ಷದ ಇಂದೆ ಸೇಲಂನಿಂದ ಭಾರ್ಗವಿ ಅಂತ ಒಬ್ಳು ಬಂದ್ಲು. ಒಗೆಸೊಪ್ಪು ಯಾರ್ಯಾರು ಅಗೀತಾರೆ ಅಂತ ರಿಸರ್ಚು. "ತಾತ, ಮೇಚೇರಿ ಸಂತೇಲಿ ಬಿಡಿಯಾಗಿ ಮಾರೋ ಸೊಪ್ಪಿಗೆ ಲೇಬಲ್ಲೂ ಇಲ್ಲ, ಎಚ್ಚರಿಕೆ ಚಿತ್ರಾನೂ ಇಲ್ಲ. ರೂಲ್ಸ್ ತರ್ಬೇಕಂದ್ರೆ ಸರ್ಕಾರಕ್ಕೆ ಲೆಕ್ಕ ತೋರಿಸ್ಬೇಕು. ನಮಗೆ ದುಡ್ಡು ಕೊಡೋರೂ ಲೆಕ್ಕ ನೋಡಿದ್ರೇನೇ ಮುಂದಿನ ವರ್ಷದ ಫಂಡು, ಬಾಯಿ ನೋಡಕ್ಕೆ ಡಾಕ್ಟ್ರು" ಅಂದ್ಲು.

ಊರೋರು ಬಾಗ್ಲು ತೆಗೀಲಿ ಅಂತ ನನ್ನ ಕರ್ಕಂಡು ಓದ್ಲು. ಮೊದಲ್ನೇ ಮನೇಲೇ "ನೀವು ಸ್ವಲ್ಪ ಆಚೆ ಇರ್ತೀರಾ ತಾತ?" ಅಂದ್ಲು. ನಂಗೆ ರೋಷ ಬಂತು. "ನಮ್ಮೂರಲ್ಲಿ ನನ್ನೇ ಆಚೆ ಕಳಿಸ್ತೀಯಾಮ್ಮಾ?" ಅಂತ ನಡುಮನೇಲೇ ಕೂತೆ. ಎಲ್ಲಾ ಮನೇಲೂ ಅಂಗೇ ಕೂತೆ.

ಊರಲ್ಲಿ ಅರ್ಧ ಎಂಗುಸ್ರಿಗೆ ನಾನು ಭಾವ, ಇನ್ನರ್ಧಕ್ಕೆ ಮಾವ. ನನ್ ಮುಂದೆ ಯಾವೋಳು ಒಗೆಸೊಪ್ಪಿನ ಸುದ್ದಿ ಎತ್ತಾಳೆ? ಕದದ ಸಂದೀಲಿ ನಿಂತು ಎಲ್ರೂ "ಇಲ್ಲ, ಇಲ್ಲ". ನಲವತ್ತೊಂದು ಮನೇಲಿ ಊಂ ಅಂದೋಳು ಪೆದ್ದಮ್ಮ ಒಬ್ಳೇ, ನನಗಿಂತ ಎಂಟು ವರ್ಷ ದೊಡ್ಡೋಳು. "ಆಕ್ತೀನಿ ಕಣೋ ಕರಿಯಾ, ನೀನೇನು ತಂದ್ಕೊಡ್ತೀಯಾ?"

ನಿಮ್ಮನೇಗೂ ಬಂದ್ವಿ ಲಾ, ನೀನು ಡ್ಯೂಟಿಗೆ ಓಗಿದ್ದೆ. ನಿಮ್ಮವ್ವ ಸಿದ್ದಲಕ್ಷ್ಮಮ್ಮ ಸೆರಗು ಎಳ್ಕಂಡು "ಇಲ್ಲ" ಅಂದ್ಲು. ಸೊಪ್ಪು ಅಗೀತಾಳೆ ಅಂತ ನಂಗೆ ಗೊತ್ತು. ಕೆನ್ನೆ ಒಳಗೆ ಗಾಯ ಐತೆ ಅಂತ ಗೊತ್ತಿರ್ಲಿಲ್ಲ. ಭಾರ್ಗವಿ ನಂಬ್ದೆ ನನ್ ಮೊಕ ನೋಡಿದ್ಲು. "ನಮ್ ಎಂಗುಸ್ರಿಗೆ ಸೊಪ್ಪು ಅಗಿಯೋ ಪಳಕ್ಕ ಇಲ್ಲಮ್ಮಾ, ಬರ್ಕೋ" ಅಂದೆ. ಮಾನ ಉಳೀತು ಅನ್ಕಂಡೆ, ಮುಟ್ಟಾಳ.

ದುಡ್ಡು ಕೊಡೋರು ಆ ಲೆಕ್ಕ ನೋಡಿದ್ರು, ಇಲ್ಲಿ ಎಂಗುಸ್ರಿಗೆ ಏನೂ ಬೇಕಿಲ್ಲ ಅಂದ್ರು. ಡಾಕ್ಟ್ರು ಕಾರಿಮಂಗಲಂ ಕಡೆ ಓದ್ರು.

ಈ ಪೊಂಗಲ್ ಆದ್ಮೇಲೆ ಸೇಲಂ ಆಸ್ಪತ್ರೇಲಿ ನಿಮ್ಮವ್ವನ ಅರ್ಧ ದವಡೆ ತೆಗೆದ್ರಲ್ಲ, ಅದರ ಮುಂಚಿನ ದಿನ, ನೀನು ಸ್ಕ್ಯಾನ್ ರಿಪೋರ್ಟ್ ತರಕ್ಕೆ ಓಗಿದ್ದೆ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ನನ್ ಮೊಕ ನೋಡಿ ಮಾತಾಡಿದ್ಲು. "ಅವತ್ತು ನೀವು ಆಚೆ ಓಗಿದ್ರೆ ಆ ಉಡ್ಗಿಗೆ ಬಾಯಿ ತೋರಿಸ್ತಿದ್ದೆ ಭಾವ."

ಬೈಲಿಲ್ಲ ಕಣ್ಲಾ. ಬೈದಿದ್ರೆ ವಾಸಿಯಾಗಿತ್ತು.

ಭಾರ್ಗವಿ ನಂಬರು ಆಕ್ತೀನಿ, ಈ ವಾಯ್ಸ್ ಮೆಸೇಜ್ನ ಅವ್ಳಿಗೆ ಕಳ್ಸು. ದುಡ್ಡು ಕೊಡೋರ್ಗೂ ಕೇಳಿಸಕ್ಕೇಳು. ಆ ಲೆಕ್ಕ ಸುಳ್ಳು, ಕೆಡಿಸಿದೋನು ಕರಿಯಪ್ಪ ಅನ್ಲಿ. ಇನ್ನೊಂದ್ಸಲ ಬಂದು ಕೇಳ್ಲಿ, ಅವ್ಳು ಮುಗಿಸೋ ಗಂಟ ನಾನು ಊರಲ್ಲೇ ಇರಲ್ಲ. ಕಳ್ಸಪ್ಪಾ, ಇವತ್ತೇ ಕಳ್ಸು.